ಉಸಿರಾಟವೂ ಅದರ ಅಳತೆಯೂ

ನಾನು ಈ ವೃತ್ತಿಗೆ ಸೇರಿದ ಮೊದಲ ವರುಷಗಳಲ್ಲಿ, ಡ್ರಿಲ್ಲಿನ ಹೊತ್ತಿಗೆ ಎರಡು ಸುತ್ತು ಓಡುವುದರೊಳಗೆ ನಿಂತುಬಿಡುತ್ತಿದ್ದ ಒಬ್ಬ ಹುಡುಗಿಯನ್ನು ಸೋಮಾರಿಯೆಂದು ಎಲ್ಲರೆದುರಿಗೆ ಗದರಿಸಿದೆನು. ಅವಳಿಗೆ ಉಬ್ಬಸವಿದ್ದಿತು. ತಾಯಿತಂದೆಗಳು ಅದನ್ನು ತಿಳಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನನ್ನು ಇಂದಿಗೂ ನೋಯಿಸುವುದರಿಂದ, ಉಸಿರಾಟವು ನಡೆಯುವ ಬಗೆಯನ್ನೂ ಅದನ್ನು ಅಳೆಯುವ ಕ್ರಮವನ್ನೂ ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಶ್ವಾಸಕೋಶಗಳಿಗೆ ತಾವಾಗಿ ಹಿಗ್ಗುವ ಶಕ್ತಿಯಿಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವು ಕಮಾನಿನಂತೆ ಬಾಗಿಕೊಂಡಿರುವುದು. ಅದು ಬಿಗಿದು ಕೆಳಕ್ಕಿಳಿಯುವಾಗ ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುವುವು. ಎದೆಯ ಗೂಡು ವಿಶಾಲವಾಗಿ ಒಳಗಿನ ಒತ್ತಡವು ಕಡಿಮೆಯಾಗಲು, ಹೊರಗಿನ ಗಾಳಿಯು ಒಳಕ್ಕೆ ಬರುವುದು. ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ವಪೆಯು ಸಡಿಲವಾದೊಡನೆ ಹಿಗ್ಗಿದ ಶ್ವಾಸಕೋಶಗಳು ಕುಗ್ಗಿ ಗಾಳಿಯನ್ನು ಹೊರದೂಡುವುವು. ಸುಮ್ಮನೆ ಕುಳಿತಿರುವ ಪ್ರಾಯದವರು ನಿಮಿಷಕ್ಕೆ 12ರಿಂದ 20 ಸಾರಿ, ಸಾರಿಗೆ ಸುಮಾರು ಅರ್ಧ ಲೀಟರಿನಂತೆ ಉಸಿರಾಡುವರು.

ಉಬ್ಬಸದಲ್ಲಿ ಗಾಳಿಯ ಕವಲುನಾಳಗಳ ಒಳಪೊರೆಯು ಊದಿಕೊಂಡು, ಸುತ್ತಲಿನ ಸ್ನಾಯುವು ಬಿಗಿದು, ದಾರಿಯು ಕಿರಿದಾಗುವುದು. ಉಸಿರು ಬಿಡುವಾಗ ಈ ನಾಳಗಳು ಸಹಜವಾಗಿಯೇ ಇನ್ನಷ್ಟು ಕಿರಿದಾಗುವುದರಿಂದ, ಗಾಳಿಯನ್ನು ಹೊರಕ್ಕೆ ಬಿಡುವುದೇ ಹೆಚ್ಚು ಕಷ್ಟ. ಎದೆಯಲ್ಲಿ ಸಿಳ್ಳಿನಂಥ ಸದ್ದು ಕೇಳುವುದಕ್ಕೆ ಇದೇ ಕಾರಣ. ಉಬ್ಬಸವಿಲ್ಲದ ದಿನಗಳಲ್ಲಾದರೋ ಮಗುವು ಎಲ್ಲರಂತೆಯೇ ಕಾಣುವುದು, ನೋಡಿದವರು ಮೋಸಹೋಗುವರು. ಆದಕಾರಣ ಅಳತೆಯು ಬೇಕಾಗುವುದು.

1846ರಲ್ಲಿ ಇಂಗ್ಲೆಂಡಿನ ವೈದ್ಯರಾದ ಜಾನ್ ಹಚಿನ್ಸನ್‌ರವರು, ನೀರಿನಲ್ಲಿ ಬೋರಲು ನಿಲ್ಲಿಸಿದ ಪಾತ್ರೆಯೊಳಕ್ಕೆ ಊದಿಸಿ, ಅದು ಎಷ್ಟು ಮೇಲೇಳುವುದೆಂದು ನೋಡಿ, ಎರಡು ಸಾವಿರಕ್ಕಿಂತ ಹೆಚ್ಚು ಜನರ ಉಸಿರನ್ನು ಅಳೆದುದನ್ನು ಪ್ರಕಟಿಸಿದರು. ಆಳು ಎತ್ತರವಾದಷ್ಟೂ ಉಸಿರಿನ ಪ್ರಮಾಣವು ಹೆಚ್ಚೆಂದು ಅವರು ಕಂಡುಕೊಂಡರು. ಆ ಉಪಕರಣಕ್ಕೆ ಸ್ಪೈರೋಮೀಟರೆಂದು ಹೆಸರು. ಆದರೆ ಒಟ್ಟು ಪ್ರಮಾಣವೊಂದರಿಂದಲೇ ದಾರಿಯ ಇಕ್ಕಟ್ಟು ತಿಳಿಯದು. 1947ರಲ್ಲಿ ಫ್ರಾನ್ಸಿನ ಟಿಫೆನೊ ಮತ್ತು ಪಿನೆಲ್ಲಿ ಎಂಬವರು ರಭಸದಿಂದ ಊದುವಾಗ ಮೊದಲನೆಯ ಒಂದು ಸೆಕೆಂಡಿನಲ್ಲಿ ಹೊರಬೀಳುವ ಗಾಳಿಯನ್ನು ಅಳೆಯುವ ಕ್ರಮವನ್ನು ತೋರಿಸಿದರು.

ಈಗಲೂ ಪರೀಕ್ಷೆಯು ಈ ಬಗೆಯದೇ. ಮೂಗನ್ನು ಕ್ಲಿಪ್ಪಿನಿಂದ ಮುಚ್ಚಿ, ಎದೆತುಂಬ ಉಸಿರೆಳೆದು, ಇದ್ದ ಬಲವನ್ನೆಲ್ಲ ಹಾಕಿ ಕೊನೆಯವರೆಗೂ ಊದಬೇಕು. ಆರೋಗ್ಯವುಳ್ಳ ಮಕ್ಕಳಲ್ಲಿ ಸಾಮಾನ್ಯವಾಗಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚು ಗಾಳಿಯು ಆ ಮೊದಲ ಸೆಕೆಂಡಿನಲ್ಲಿಯೇ ಹೊರಬೀಳುವುದು. ದಾರಿಯು ಕಿರಿದಾಗಿದ್ದರೆ ಅದು ತಗ್ಗುವುದು. ಬಳಿಕ ನಾಳಗಳನ್ನು ಸಡಿಲಿಸುವ ಔಷಧವನ್ನು ಉಸಿರಿನೊಡನೆ ಎಳೆಯಿಸಿ, ಸುಮಾರು 15 ನಿಮಿಷ ತಾಳಿ ತಿರುಗಿ ಊದಿಸುವರು. ಅಳತೆಯು ಚೆನ್ನಾಗಿ ಏರಿದರೆ ಉಬ್ಬಸವೆಂದು ಶಂಕಿಸಲು ಬಲವಾದ ಕಾರಣವುಂಟು. ಒಂದು ದಿನದ ಅಳತೆಯು ಸರಿಯಾಗಿ ಬಂದಿತೆಂದು ಉಬ್ಬಸವಿಲ್ಲವೆಂದು ತೀರ್ಮಾನಿಸಲಾಗದು. ವೈದ್ಯರು ಮಗುವಿನ ವಯಸ್ಸು, ಎತ್ತರ, ಹಿಂದಿನ ತೊಂದರೆ ಎಲ್ಲವನ್ನೂ ವಿಚಾರಿಸುವರು.

ತಾಯಂದಿರೇ, ಮುಂದೆ ಮದುವೆಗೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ಉಬ್ಬಸವನ್ನು ಮುಚ್ಚಿಡುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಮುಚ್ಚಿಟ್ಟ ಉಬ್ಬಸವು ಪ್ರಾಣಕ್ಕೇ ಅಪಾಯವನ್ನು ತರಬಹುದು. ಇನ್‌ಹೇಲರು ಚಟವಾಗುವುದೆಂಬ ಭಯವು ಆಧಾರವಿಲ್ಲದ್ದು. ವೈದ್ಯರು ಹೇಳಿದ ಔಷಧವನ್ನು ತಪ್ಪದೆ ತೆಗೆದುಕೊಳ್ಳುವ ಹುಡುಗಿಯರು ಓಡಬಲ್ಲರು, ಹಾಡಬಲ್ಲರು. ಮಗಳನ್ನು ಶಾಲೆಗೆ ಸೇರಿಸುವ ದಿನವೇ ಈ ಸಂಗತಿಯನ್ನು ಉಪಾಧ್ಯಾಯಿನಿಯರ ಕಿವಿಗೆ ಹಾಕಿರಿ. ಹಾಗೆಯೇ, ಓಡಲಾರದೆ ನಿಂತ ಮಗುವನ್ನು ಗದರಿಸುವ ಮೊದಲು ಏನಾಯಿತೆಂದು ಕೇಳುವುದು ನಮ್ಮ ಕರ್ತವ್ಯ.

ಆ ಹುಡುಗಿಯು ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ಈ ಸಂಚಿಕೆಯು ಅವಳ ಕೈಸೇರಿದರೆ, ಅಂದು ನಾನು ಆಡಿದ ಮಾತಿಗೆ ಇಲ್ಲಿ ಅವಳ ಕ್ಷಮೆಯನ್ನು ಬೇಡುತ್ತೇನೆ.