ಕಣಗಳಿಗೆ ಲಗಾಮು ಹಾಕಿದ ಎಂಜಿನಿಯರ್

1984ರ ಭೌತವಿಜ್ಞಾನ ನೊಬೆಲ್ ಇಬ್ಬರಿಗೆ ಸಂದಿತು. ಒಬ್ಬರು ಕಣಭೌತವಿಜ್ಞಾನಿ ಕಾರ್ಲೊ ರುಬ್ಬಿಯಾ. ಇನ್ನೊಬ್ಬರು ನೆದರ್‌ಲೆಂಡ್ಸ್‌ನ ಸೈಮನ್ ವಾನ್ ಡರ್ ಮೀರ್. ಅಲ್ಲಿನ ಡೆಲ್ಫ್ಟ್‌ ನಗರದಲ್ಲಿ ಈ ಎಂಜಿನಿಯರ್ ಓದಿದ್ದು ಅಳತೆ ಮತ್ತು ನಿಯಂತ್ರಣದ ತಂತ್ರಜ್ಞಾನ. ಒಂದು ವ್ಯವಸ್ಥೆ ಎಷ್ಟು ಹಾದಿ ತಪ್ಪಿದೆ ಎಂದು ಅಳೆದು, ಆ ಅಳತೆಯಿಂದಲೇ ಅದನ್ನು ತಿದ್ದುವುದು ಹೇಗೆ? ನಿಯಂತ್ರಣ ಸಿದ್ಧಾಂತ ಕೇಳುವ ಪ್ರಶ್ನೆ ಇಷ್ಟೇ. ಫ್ರಿಜ್ಜಿನಲ್ಲೂ ರಾಕೆಟ್ಟಿನಲ್ಲೂ ದುಡಿಯುವ ಈ ಫೀಡ್‌ಬ್ಯಾಕ್ ಉಪಾಯವನ್ನು ವಾನ್ ಡರ್ ಮೀರ್ ಕಣಗಳ ಮೇಲೇ ಹೂಡಿದರು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಡಬ್ಲ್ಯು ಮತ್ತು ಝಡ್ ಎಂಬ ಮೂಲಕಣಗಳನ್ನು ಹುಡುಕುತ್ತಿತ್ತು. ಅದಕ್ಕೆ ಪ್ರೋಟಾನ್ ಮತ್ತು ಆಂಟಿಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸಬೇಕು. ಆದರೆ ಪ್ರೋಟಾನಿನ ಪ್ರತಿಕಣವಾದ ಆಂಟಿಪ್ರೋಟಾನ್ ಬಲು ದುರ್ಲಭ. ಲೋಹದ ತುಂಡಿಗೆ ಲಕ್ಷಗಟ್ಟಲೆ ಪ್ರೋಟಾನ್ ಬಡಿದರೆ ಒಂದೆರಡು ಹುಟ್ಟಬಹುದು. ಹುಟ್ಟಿದವೂ ಒಂದೊಂದು ದಿಕ್ಕಿಗೆ, ಒಂದೊಂದು ವೇಗದಲ್ಲಿ ಚಿಮ್ಮುತ್ತವೆ. ಇವನ್ನು ಒತ್ತಾಗಿ ಕೂಡಿಹಾಕದೆ ಡಿಕ್ಕಿಯ ಮಾತೇ ಇಲ್ಲ.

ವಾನ್ ಡರ್ ಮೀರ್ ಇದಕ್ಕೆ ಕಂಡುಕೊಂಡ ದಾರಿ ಹೀಗಿದೆ. ಕಣಗಳು ಉಂಗುರದಂಥ ಕೊಳವೆಯಲ್ಲಿ ಸುತ್ತುತ್ತಿರುತ್ತವೆ. ಒಂದೆಡೆ ಅವು ವಿದ್ಯುದ್ವಾರಗಳ ನಡುವೆ ಹಾಯುವಾಗ, ಗುಂಪು ಸರಾಸರಿ ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದರ ಕ್ಷೀಣ ಸಂಕೇತ ಸಿಗುತ್ತದೆ. ಅದನ್ನು ವರ್ಧಿಸಿ ಉಂಗುರದ ಇನ್ನೊಂದು ಬದಿಗೆ ಕಳಿಸಿ, ಅದೇ ಗುಂಪು ಅಲ್ಲಿಗೆ ಬಂದಾಗ ಸರಿದಾರಿಗೆ ತಳ್ಳಬೇಕು. ಬೆಳಕಿನ ವೇಗದ ಸಮೀಪ ಓಡುವ ಕಣಗಳಿಗಿಂತ ಮೊದಲೇ ತಂತಿಯ ಸಂಕೇತ ತಲುಪುವುದು ಹೇಗೆ? ಕಣಗಳು ಬಾಗಿದ ದಾರಿಯಲ್ಲಿ ಬಳಸಿ ಬರುತ್ತವೆ, ತಂತಿ ಉಂಗುರದ ನಡುವೆ ನೇರ ಹಾಯುತ್ತದೆ. ನನ್ನ ಮಟ್ಟಿಗೆ ಇಡೀ ವಿಧಾನದ ಸೊಗಸು ಇಲ್ಲಿದೆ.

ಒಂದು ಸುತ್ತಿನಲ್ಲಿ ಆಗುವ ತಿದ್ದುಪಡಿ ಅತ್ಯಲ್ಪ. ಪ್ರತಿ ಕಣಕ್ಕೂ ತನ್ನ ತಪ್ಪಿನ ಜೊತೆ ನೆರೆಯ ಅಸಂಖ್ಯ ಕಣಗಳ ತಪ್ಪಿನ ಪೆಟ್ಟೂ ಬೀಳುತ್ತದೆ. ವರ್ಧನೆ ಅತಿಯಾದರೆ ಈ ಗದ್ದಲವೇ ಗೆದ್ದು ಗುಂಪು ಇನ್ನಷ್ಟು ಚದುರುತ್ತದೆ, ಕಡಿಮೆಯಾದರೆ ಕೆಲಸ ಮುಗಿಯುವುದೇ ಇಲ್ಲ. ಹದವಾಗಿದ್ದರೆ, ಲೆಕ್ಕವಿಲ್ಲದಷ್ಟು ಸುತ್ತುಗಳ ಬಳಿಕ ಗುಂಪು ಒತ್ತಾಗುತ್ತದೆ. ಕಣಗಳ ಅಡ್ಡಾದಿಡ್ಡಿ ಚಲನೆಯೇ ಶಾಖವಾದ್ದರಿಂದ ಭೌತವಿಜ್ಞಾನಿಗಳು ಇದನ್ನು ತಂಪಾಗಿಸುವುದು ಎನ್ನುತ್ತಾರೆ.

ವಾನ್ ಡರ್ ಮೀರ್ ಈ ವಿಚಾರವನ್ನು 1972ರಲ್ಲಿ ಬರೆದಿಟ್ಟರು. ಇದರ ನೆರವಿನಿಂದ ಸರ್ನ್ ಪ್ರಯೋಗಾಲಯಕ್ಕೆ 1983ರಲ್ಲಿ ಡಬ್ಲ್ಯು, ಝಡ್ ಎರಡೂ ಸಿಕ್ಕವು. ಮುಂದೆ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯ ಕೂಡ ಆಂಟಿಪ್ರೋಟಾನ್‌ಗಳನ್ನು ಹೀಗೆಯೇ ತಂಪಾಗಿಸಿತು, 1995ರಲ್ಲಿ ಟಾಪ್ ಕ್ವಾರ್ಕ್ ಎಂಬ ಕಣ ಅಲ್ಲಿ ಪತ್ತೆಯಾಯಿತು. ಭೌತವಿಜ್ಞಾನ ಓದುವ ಮಕ್ಕಳು ನಿಯಂತ್ರಣ ಸಿದ್ಧಾಂತವನ್ನು ಎಂಜಿನಿಯರಿಂಗ್ ಕಾಲೇಜಿನ ಪಾಡಿಗೆ ಬಿಟ್ಟುಬಿಡಬಾರದು, ಅದನ್ನೂ ಆಸ್ಥೆಯಿಂದ ಕಲಿಯಬೇಕು.