ಮೈಯೇ ಬೆಣೆ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಇಂದು ಕಾರ್ಖಾನೆಗಳು ತಲೆಯೆತ್ತಿವೆ. ಆದರೆ ಆ ಸೀಮೆಯ ನಿಜವಾದ ಒಡೆತನ ಇಂದಿಗೂ ಬಂಡೆಗಳದೇ. ಹೊಲದ ಬದುವಿನಲ್ಲಿ ಬಂಡೆ, ಗುಡ್ಡದ ನೆತ್ತಿಯಲ್ಲಿ ಬಂಡೆ. ಇವುಗಳಲ್ಲಿ ಬಿರುಕಿಲ್ಲದ ಬಂಡೆ ಅಪರೂಪ. ಕೆಲವು ಬಿರುಕುಗಳಲ್ಲಿ ಬೆರಳು ಸಹ ಹಿಡಿಸದು. ಕೆಲವು ಆಳೊಬ್ಬನನ್ನು ಇಡಿಯಾಗಿ ನುಂಗುವಷ್ಟು ಅಗಲ.

ನಾನು ಆ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ಒಂದು ಸಂಜೆ ಮೇಕೆಮರಿಯೊಂದು ಅಂಥ ಬಿರುಕಿಗೆ ಬಿದ್ದಿತು. ಅದನ್ನು ಎತ್ತಿಕೊಳ್ಳಲೆಂದು ಇಳಿದ ಹುಡುಗ ನಡುವೆ ಸಿಕ್ಕಿಕೊಂಡನು. ಬಿರುಕು ಕೆಳಕ್ಕೆ ಹೋದಂತೆ ಕಿರಿದಾಗಿತ್ತು. ಅವನು ಹೆದರಿ ಉಸಿರು ಬಿಟ್ಟಾಗಲೆಲ್ಲ ಮೈ ಇಷ್ಟಿಷ್ಟೇ ಕೆಳಕ್ಕೆ ಜಾರುತ್ತಿತ್ತು. ಮತ್ತೆ ಉಸಿರೆಳೆಯಹೋದರೆ ಎದೆ ಹಿಗ್ಗಲು ಎಡೆಯಿಲ್ಲ. ಮೇಲೆ ನಿಂತ ನಾವೆಲ್ಲ “ಕೈ ಚಾಚು, ಅಂಚು ಹಿಡಿ” ಎಂದು ಕೂಗುತ್ತಿದ್ದೆವು. ಹಿಡಿಯಲು ಅಲ್ಲಿ ಅಂಚೇ ಇರಲಿಲ್ಲ. ನಮ್ಮ ಬುದ್ಧಿವಾದ ಎಷ್ಟು ನಿರರ್ಥಕವಾಗಿತ್ತೆಂಬುದು ನನಗೆ ಮನದಟ್ಟಾದದ್ದು ಬಹಳ ವರ್ಷಗಳ ಮೇಲೆ, ಶಿಲಾರೋಹಣದ ವಿಷಯವನ್ನು ಓದಿದಾಗ.

ನಮ್ಮ ನಾಡಿನ ಈ ಕಣಶಿಲೆ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಭೂಗರ್ಭದಲ್ಲಿ ಕರಗಿದ್ದ ಶಿಲಾದ್ರವ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿದ್ದ ಪದರಗಳು ಯುಗಯುಗಾಂತರದಲ್ಲಿ ಸವೆದುಹೋದಂತೆ ಅದರ ಮೇಲಿನ ಭಾರ ಇಳಿಯಿತು. ಬಂಡೆ ಹಿಗ್ಗಿ ಸೀಳಿತು. ಆ ಸೀಳಿನೊಳಗೆ ಮಳೆನೀರು ಇಳಿದು, ಮರದ ಬೇರು ಹೊಕ್ಕು, ಕೂದಲೆಳೆಯ ಗೆರೆ ಕಾಲಾಂತರದಲ್ಲಿ ಕಂದಕವಾಯಿತು.

ಬಂಡೆಯೇರುವವರಿಗೆ ಬಿರುಕೇ ದಾರಿ. ಬೆರಳು ಹಿಡಿಸುವ ಬಿರುಕಿನಲ್ಲಿ ಬೆರಳನ್ನು ತಿರುಚಿ ಸಿಕ್ಕಿಸುತ್ತಾರೆ. ಅಂಗೈ ಹಿಡಿಸಿದರೆ ಅದನ್ನು ಒಳಗಿಟ್ಟು ಉಬ್ಬಿಸುತ್ತಾರೆ. ಇನ್ನೂ ಅಗಲವಾದರೆ ಮುಷ್ಟಿ ಬಿಗಿಯುತ್ತಾರೆ. ಮೈ ಪೂರ್ತಿ ಹೊಗುವಷ್ಟು ಅಗಲವಿದ್ದರೆ ಅದಕ್ಕೆ ‘ಚಿಮಣಿ’ ಎಂದು ಹೆಸರು. ಅದರಲ್ಲಿ ಬೆನ್ನನ್ನು ಒಂದು ಗೋಡೆಗೂ ಪಾದಗಳನ್ನು ಎದುರು ಗೋಡೆಗೂ ಒತ್ತಿಕೊಂಡು ಮೇಲೇರಬಹುದು. ಕಷ್ಟವಿರುವುದು ಈ ಎರಡರ ನಡುವಣ ಬಿರುಕಿನಲ್ಲಿ. ಐದಾರು ಅಂಗುಲದಿಂದ ಹತ್ತು ಹನ್ನೆರಡು ಅಂಗುಲದವರೆಗಿನ ಆ ಸೀಳು ಮುಷ್ಟಿಗೆ ದೊಡ್ಡದು, ಮೈಗೆ ಚಿಕ್ಕದು. ಆರೋಹಿಗಳು ಅದನ್ನು ‘ಆಫ್‌ವಿಡ್ತ್’ ಎನ್ನುತ್ತಾರೆ. ಪಳಗಿದವರೂ ಅದರ ಹೆಸರು ಕೇಳಿ ಮುಖ ಸಿಂಡರಿಸುವುದುಂಟು.

ಇಲ್ಲಿ ಕೈಬೆರಳಿನ ಬಲ ಹೆಚ್ಚು ಉಪಯೋಗಕ್ಕೆ ಬಾರದು. ಮೈಯೇ ಬೆಣೆಯಾಗಬೇಕು. ಯಾವ ಭುಜ ಒಳಗೆ ಹೋಗಬೇಕೆಂಬುದನ್ನು ನೆಲದ ಮೇಲೆಯೇ ನಿಶ್ಚಯಿಸಬೇಕು. ನಡುದಾರಿಯಲ್ಲಿ ಮಗ್ಗುಲು ಬದಲಿಸುವುದು ಬಹು ಕಷ್ಟ. ಒಳಗಿನ ತೋಳನ್ನು ನೀಳವಾಗಿ ಚಾಚಿ, ಅಂಗೈಯನ್ನು ಒಂದು ಗೋಡೆಗೂ ತೋಳಿನ ಹಿಂಭಾಗವನ್ನು ಇನ್ನೊಂದಕ್ಕೂ ಒತ್ತುವುದು ಒಂದು ಬಗೆ. ಮೊಣಕೈಯನ್ನು ಮಡಿಸಿ ಒಳಕ್ಕೆ ತೂರಿಸುವ ಇನ್ನೊಂದು ಬಗೆಯನ್ನು ಕೋಳಿರೆಕ್ಕೆ ಎನ್ನುತ್ತಾರೆ. ನೋಡಿದರೆ ಹಾಗೆಯೇ ಕಾಣುತ್ತದೆ. ಕೆಳಗೆ ಹಿಮ್ಮಡಿ ಒಂದು ಗೋಡೆಗೆ, ಕಾಲ್ಬೆರಳ ತುದಿ ಎದುರು ಗೋಡೆಗೆ. ಮೊದಲು ಕಾಲುಗಳನ್ನು ಮೇಲೆತ್ತಿ ಬಿಗಿಸಿ, ಆಮೇಲೆ ಕಾಲಿನ ಬಲದಿಂದ ಮೈಯನ್ನು ನೆಟ್ಟಗೆ ಮಾಡಬೇಕು. ಕಂಬಳಿಹುಳುವಿನ ನಡಿಗೆ ಇದು. ಒಂದು ಸಲಕ್ಕೆ ನಾಲ್ಕು ಅಂಗುಲ ಏರಿದರೆ ಲಾಭವೇ ಸರಿ. ಎರಡು ಮುಷ್ಟಿಗಳನ್ನು ಒಂದರ ಮಗ್ಗುಲಲ್ಲಿ ಒಂದಿಟ್ಟು ಬಿರುಕನ್ನು ತುಂಬುವ ಉಪಾಯವೂ ಉಂಟು. ಆದರೆ ಆಗ ಎರಡು ಕೈಗಳೂ ಸೆರೆಯಾಗುತ್ತವೆ. ಅವನ್ನು ಮೇಲಕ್ಕೆ ಸರಿಸುವುದು ಹೇಗೆ? 1980ರ ದಶಕದಲ್ಲಿ ಅಮೆರಿಕದ ರ‍್ಯಾಂಡಿ ಲೆವಿಟ್ ಮತ್ತು ಟೋನಿ ಯಾನಿರೊ ಎಂಬವರು ಮಂಡಿಯನ್ನು ಬಿರುಕಿನಲ್ಲಿ ಬಿಗಿಸಿ, ಅದರ ಮೇಲೆ ಭಾರ ಬಿಟ್ಟು ಕೈಗಳನ್ನು ಬಿಡಿಸಿಕೊಳ್ಳುವ ಕ್ರಮವನ್ನು ರೂಢಿಸಿದರು.

ಇದರ ಒಳಗುಟ್ಟು ಘರ್ಷಣೆ. 40 ಕಿಲೋಗ್ರಾಂ ತೂಗುವ ಹುಡುಗ ಎರಡು ಗೋಡೆಗಳ ನಡುವೆ ನಿಂತರೆ ಒಂದೊಂದು ಗೋಡೆಯೂ 20 ಕಿಲೋಗ್ರಾಂ ಹೊರಬೇಕು. ಒತ್ತಿದ ಬಲದ ಅರ್ಧದಷ್ಟು ಘರ್ಷಣೆ ದೊರೆಯುವುದೆಂದು ಎಣಿಸಿದರೆ, ಅವನು ತನ್ನ ತೂಕದಷ್ಟೇ ಬಲದಿಂದ ಗೋಡೆಯನ್ನು ಒತ್ತುತ್ತಿರಬೇಕು. ಅಷ್ಟರಲ್ಲಿಯೇ ತೊಡೆ ನಡುಗಲಾರಂಭಿಸುತ್ತದೆ. ಕಲ್ಲು ತೊಯ್ದು ಪಾಚಿ ಕಟ್ಟಿದ್ದರೆ ಘರ್ಷಣೆ ಕುಗ್ಗುತ್ತದೆ. ಮಳೆಗಾಲದಲ್ಲಿ ಇಂಥ ಬಿರುಕಿನ ಗೊಡವೆಗೆ ಹೋಗದಿರುವುದೇ ಲೇಸು.

ಇನ್ನು ಸಲಕರಣೆ. ನೈಲಾನ್ ಹಗ್ಗ, ಸೊಂಟಕ್ಕೆ ಬಿಗಿಯುವ ಪಟ್ಟಿ, ಶಿರಸ್ತ್ರಾಣ ಇವು ಎಲ್ಲ ಆರೋಹಣಕ್ಕೂ ಬೇಕು. ಅಗಲ ಬಿರುಕಿಗೆ ಇವುಗಳ ಜೊತೆಗೆ ಉದ್ದ ತೋಳಿನ ಅಂಗಿ, ಮಂಡಿಗೆ ಕವಚ, ಹರಡು ಮುಚ್ಚುವ ಪಾದರಕ್ಷೆ, ಮುಂಗೈಗೆ ಅಂಟುಪಟ್ಟಿ ಬೇಕು; ಇಲ್ಲವಾದರೆ ಕಲ್ಲಿನ ಹರಳುಗಳು ಚರ್ಮವನ್ನು ಉಳಿಸುವುದಿಲ್ಲ. ಹಗ್ಗವನ್ನು ಬಂಡೆಗೆ ಸೇರಿಸಲು ಬಿರುಕಿನಲ್ಲಿ ಏನನ್ನಾದರೂ ಸಿಕ್ಕಿಸಬೇಕಷ್ಟೆ. ನಮ್ಮ ಕಲ್ಲುಕುಟಿಗರು ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ ಬೆಣೆ ಹೊಡೆದು ಸೀಳುವುದನ್ನು ನೀವು ನೋಡಿರಬಹುದು. ಆರೋಹಿಗಳೂ ಹಿಂದೆ ಮರದ ಬೆಣೆಯನ್ನೇ ಹೊಡೆಯುತ್ತಿದ್ದರು. ಆದರೆ ಇವರಿಗೆ ಬಂಡೆ ಸೀಳಬಾರದು, ಬೆಣೆ ನಿಲ್ಲಬೇಕು! 1978ರಲ್ಲಿ ರೇ ಜಾರ್ಡಿನ್ ರೂಪಿಸಿದ ‘ಫ್ರೆಂಡ್’ ಎಂಬ ಸಾಧನ ಮಾರಾಟಕ್ಕೆ ಬಂದಿತು. ಅದರ ಬಾಗಿದ ಹಲ್ಲೆಗಳನ್ನು ಸ್ಪ್ರಿಂಗು ಗೋಡೆಗಳಿಗೆ ಒತ್ತಿ ಹಿಡಿಯುತ್ತದೆ. ಆರೋಹಿ ಬಿದ್ದು ಹಗ್ಗ ಜಗ್ಗಿದಷ್ಟೂ ಅವು ಹೆಚ್ಚು ಬಿಗಿಯಾಗುತ್ತವೆ. ಅಗಲ ಬಿರುಕಿಗೆಂದು ಇದೇ ತತ್ತ್ವದ ದೊಡ್ಡ ಸಾಧನಗಳು ಮುಂದೆ ಬಂದವು. ಉದ್ದ ಹಿಗ್ಗುವ ಲೋಹದ ಕೊಳವೆಯೂ ಒಂದುಂಟು. ಅದನ್ನು ಅಡ್ಡಲಾಗಿಟ್ಟು ಹಿಗ್ಗಿಸಿ ತಿರುಪಿನಿಂದ ಬಿಗಿಯುತ್ತಾರೆ. ಅದನ್ನು ಕಲ್ಪಿಸಿದ ಕ್ರೇಗ್ ಲೂಬೆನ್ ಆಗಿನ್ನೂ ಇಂಜಿನಿಯರಿಂಗ್ ವಿದ್ಯಾರ್ಥಿ.

ಸಲಕರಣೆಯಿದ್ದರೆ ಸಾಲದು, ಅಭ್ಯಾಸ ಬೇಕು. ಇಂಗ್ಲೆಂಡಿನ ಟಾಮ್ ರ‍್ಯಾಂಡಲ್ ಮತ್ತು ಪೀಟ್ ವಿಟ್ಟೇಕರ್ ನೆಲಮಾಳಿಗೆಯಲ್ಲಿ ಮರದ ಹಲಗೆಗಳಿಂದ ಬಿರುಕು ಮಾಡಿಕೊಂಡು ಎರಡು ವರ್ಷ ಸಾಧನೆ ಮಾಡಿದರು. ಆಮೇಲೆ, 2011ರಲ್ಲಿ, ಅಮೆರಿಕದ ಯೂಟಾ ಪ್ರಾಂತದಲ್ಲಿ ಚಾವಣಿಯಂತೆ ತಲೆಯ ಮೇಲೆ ಚಾಚಿದ ‘ಸೆಂಚುರಿ ಕ್ರ್ಯಾಕ್’ ಎಂಬ ಅಗಲ ಬಿರುಕನ್ನು ಗೆದ್ದರು. ನಮ್ಮಲ್ಲಿ ರಾಮನಗರದ ಬೆಟ್ಟಗಳೂ ಬಾದಾಮಿಯ ಮರಳುಗಲ್ಲಿನ ಗೋಡೆಗಳೂ ಆರೋಹಿಗಳಿಗೆ ಚಿರಪರಿಚಿತ. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಈ ವಿದ್ಯೆಯಲ್ಲಿ ಶಿಕ್ಷಣ ಕೊಡುತ್ತದೆ.

ಅಂದು ಸಂಜೆ ನಮ್ಮಲ್ಲಿದ್ದದ್ದು ಬಾವಿ ಸೇದುವ ಹಗ್ಗವೊಂದೇ. ಕುರಿ ಕಾಯುವ ಮುದುಕರೊಬ್ಬರು ಬಂದು ನಮ್ಮನ್ನೆಲ್ಲ ಸುಮ್ಮನಿರಿಸಿದರು. ಹಗ್ಗದ ಕುಣಿಕೆಯನ್ನು ಇಳಿಬಿಟ್ಟು ಹುಡುಗನ ಕಂಕುಳಿಗೆ ಹಾಕಿಸಿದರು. “ಮಗಾ, ಅಂಚಿನ ಮಾತು ಬಿಡು. ಬೆನ್ನು ಹಿಂದಿನ ಕಲ್ಲಿಗೆ ಕೊಡು, ಮಂಡಿ ಮುಂದಿನ ಕಲ್ಲಿಗೆ ಕೊಡು. ಈಗ ಒತ್ತು. ನಾನು ಹೇಳುವವರೆಗೆ ಸಡಿಲಬೇಡ” ಎಂದರು. ಅವನು ಒತ್ತಿ ನಿಂತ ಕೂಡಲೇ ಜಾರುವುದು ನಿಂತಿತು. ಅವನು ಅಂಗುಲ ಅಂಗುಲ ಏರಿದಷ್ಟೂ ನಾವು ಹಗ್ಗವನ್ನು ಸೆಳೆದುಕೊಂಡೆವು. ಅವನು ಮೇಲೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಮರಿಯನ್ನು ಮಾರನೆಯ ದಿನ ಕವೆಗೋಲಿನಿಂದ ಎತ್ತಿದರು, ಅದು ಬದುಕಿತ್ತು. ಹುಡುಗನ ಬೆನ್ನಿನ ಚರ್ಮವೆಲ್ಲ ತರಚಿಹೋಗಿತ್ತು. ಎರಡು ವಾರ ಅವನು ಗೋಡೆಗೆ ಒರಗದೆ, ನೆಟ್ಟಗೆ ಕುಳಿತು ಪಾಠ ಕೇಳಿದನು.