ಮಕ್ಕಳ ಪುಸ್ತಕಕ್ಕೆ ಊರಿನ ಆಸರೆ

ಮಕ್ಕಳ ಫ್ಯಾಂಟಸಿ ಪುಸ್ತಕಕ್ಕೆ ಸಾಮಾನ್ಯವಾಗಿ ಇಬ್ಬರು ಕರ್ತೃಗಳಿರುತ್ತಾರೆ. ಕಥೆ ಹೆಣೆಯುವವರು ಒಬ್ಬರು, ಅದನ್ನು ಕಣ್ಣಿಗೆ ಕಾಣಿಸುವವರು ಇನ್ನೊಬ್ಬರು. ದೊಡ್ಡವರ ಕಾದಂಬರಿಯಲ್ಲಿ ಚಿತ್ರ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಗಿಳಿಯ ಹೊಟ್ಟೆಯಲ್ಲಿ ಪ್ರಾಣ ಬಚ್ಚಿಟ್ಟ ರಾಕ್ಷಸನ ಕಥೆಯಲ್ಲಿ ಮಾತ್ರ ಚಿತ್ರವೇ ಅರ್ಧ ಕಥೆ. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಬೇತಾಳನನ್ನು ಓದುಗರು ನೆನೆಯುವುದು ಅದರ ಚಿತ್ರಗಳಿಂದ. ಆ ಪತ್ರಿಕೆಗೆ ಚಿತ್ರ ಬರೆದವರಲ್ಲಿ ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರೂ ಒಬ್ಬರು. ಆದರೂ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಚಿತ್ರಕಾರರ ಹೆಸರು ಒಳಪುಟದ ಸಣ್ಣಕ್ಷರಕ್ಕೆ ಇಳಿಯುವುದೇ ಹೆಚ್ಚು. ಅದು ಮುಖಪುಟದಲ್ಲಿ ಲೇಖಕರ ಹೆಸರಿನ ಸಮಕ್ಕೆ ಬರಬೇಕು.

ಕಥೆಯ ಮಾತಿಗೆ ಬಂದರೆ, ಶಿವಮೊಗ್ಗ ಜಿಲ್ಲೆಯ ಸೊರಬದ ಸುತ್ತಿನ ಸೀಮೆ ಮಕ್ಕಳ ಸಾಹಿತ್ಯದಲ್ಲಿ ಗಟ್ಟಿ ಹೆಸರು ಮಾಡಿದೆ. ನೆರೆಯ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದ ಅವರಿಗೆ ಮುಳುಗಡೆ ಕಣ್ಣಾರೆ ಕಂಡ ಸಂಕಟವಾಗಿತ್ತು. ಜಿಲ್ಲೆಯ ಗಡಿಯಾಚೆಯ ಸಿದ್ದಾಪುರದ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ಗೆ ಇದೇ ಪುರಸ್ಕಾರ 2022ರಲ್ಲಿ ಸಂದಿತು. ಎರಡೂ ಹುಟ್ಟಿದ್ದು ಕಾಡು, ನೀರು, ಗುಡ್ಡಗಳ ನಡುವೆ.

ಚಿತ್ರಕ್ಕೂ ಇಲ್ಲಿ ಬರವಿಲ್ಲ. ಸೊರಬ, ಸಾಗರ, ಸಿದ್ದಾಪುರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವಿದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಯ ಹಸೆಯಲ್ಲಿ ವಧೂವರರು ತ್ರಿಕೋನಗಳಾಗಿ ನಿಲ್ಲುತ್ತಾರೆ, ಸುತ್ತ ಹಕ್ಕಿ, ಬಳ್ಳಿ, ದಂಡಿಗೆ. ಗೆರೆ ನೇರ, ಲೆಕ್ಕ ಕರಾರುವಾಕ್ಕು. ಮಾಯಾಲೋಕದ ಕಥೆಗೆ ಚಿತ್ರ ಬೇಕೆಂದರೆ ದೂರ ಹುಡುಕಬೇಕಿಲ್ಲ. ಚಿತ್ತಾರಗಿತ್ತಿಯೊಬ್ಬರು ಸಹಕರ್ತೃವಾಗಿ ಕೂತರೆ ಪುಸ್ತಕದ ಬಣ್ಣವೇ ಬೇರೆಯಾಗುತ್ತದೆ.

ಬರೆದದ್ದನ್ನು ಓದುಗರ ಕೈಗೆ ಸೇರಿಸುವ ಕೆಲಸ ಅಷ್ಟು ಸಲೀಸಲ್ಲ. ಮಲೆನಾಡಿನಲ್ಲಿ ಅದನ್ನು ಹೊತ್ತವರು ಊರಿನ ಪ್ರಕಾಶಕರು, ಪುಸ್ತಕದಂಗಡಿಯವರು. ಹಲವೆಡೆ ಇಬ್ಬರೂ ಒಬ್ಬರೇ. ಸಾಗರದ ರವೀಂದ್ರ ಪುಸ್ತಕಾಲಯ ಪ್ರಕಟಣೆ, ಮಾರಾಟ ಎರಡನ್ನೂ ಮಾಡುತ್ತ ಬಂದ ಸಂಸ್ಥೆ. ಅದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿದ ಅಕ್ಷರ ಪ್ರಕಾಶನ, ಹಳ್ಳಿಯಲ್ಲಿ ಕೂತೇ ನಾಡಿಗೆಲ್ಲ ಪುಸ್ತಕ ಕೊಡಬಹುದೆಂದು ತೋರಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಹೆಗ್ಗೋಡಿನತ್ತ ತಿರುಗಿ ನೋಡಿತು.

ಊರಿನ ಅಂಗಡಿಯ ಬೆಂಬಲ ಎಂದರೆ ಮೇಜಿನ ಮೇಲೆ ಜಾಗ ಕೊಡುವುದಷ್ಟೇ ಅಲ್ಲ. ಬಿಡುಗಡೆಯ ದಿನ ಸಭಾಂಗಣದ ಬಾಗಿಲಲ್ಲಿ ಪುಸ್ತಕ ಹರಡಿ, ರಿಯಾಯಿತಿ ದರದಲ್ಲಿ ಮಾರಿ, ಉಳಿದದ್ದನ್ನು ಶಾಲೆಗಳಿಗೆ ತಲುಪಿಸುವವರು ಅವರೇ. ಗೌರವ ಪ್ರತಿ ಹಂಚಿಯೇ ಖಾಲಿಯಾಗುವ ಪುಸ್ತಕಕ್ಕೂ ಹತ್ತು ಮಕ್ಕಳು ದುಡ್ಡು ಕೊಟ್ಟು ಒಯ್ದ ಪುಸ್ತಕಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದಕ್ಕೆ ಮರುಮುದ್ರಣದ ಯೋಗ ಹೆಚ್ಚು. ಬಿಡುಗಡೆಯಲ್ಲಿ ಭಾಷಣ ಕಡಿಮೆ ಮಾಡಿ, ಲೇಖಕರು ಒಂದು ಅಧ್ಯಾಯ ಓದಿ, ಚಿತ್ರಕಾರರು ಮಕ್ಕಳೆದುರೇ ರಾಕ್ಷಸನನ್ನು ಬರೆದು ತೋರಿಸುವುದು ಮೇಲು. ಹಾರ ತುರಾಯಿಯ ಖರ್ಚೂ ಉಳಿಯುತ್ತದೆ.

ಹಣದ ಲೆಕ್ಕ ಬಿಗಿಯಾದದ್ದು. ಮುಖಬೆಲೆಯಲ್ಲಿ ಅಂಗಡಿಯ ಕಮಿಷನ್ ಕಳೆಯಬೇಕು, ಬಣ್ಣದ ಮುದ್ರಣದ ವೆಚ್ಚ ಹುಟ್ಟಬೇಕು, ಮಿಕ್ಕ ಗೌರವಧನವನ್ನು ಇಬ್ಬರು ಹಂಚಿಕೊಳ್ಳಬೇಕು. ಯಾರಿಗೆ ಎಷ್ಟು, ಮರುಮುದ್ರಣವಾದರೆ ಹೇಗೆ, ಚಿತ್ರಗಳ ಹಕ್ಕು ಯಾರದು ಎಂಬುದನ್ನು ಅಚ್ಚಿಗೆ ಕೊಡುವ ಮೊದಲೇ ಬರೆದಿಟ್ಟುಕೊಳ್ಳುವುದು ಕ್ಷೇಮ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಪ್ರಕಾಶಕರಿಗೆ ದೊಡ್ಡ ಆಸರೆ. ಆದರೆ ಅದೊಂದನ್ನೇ ನಂಬಿ ಮಕ್ಕಳ ಪುಸ್ತಕ ಮಾಡಲಾಗದು.

ಸೊರಬ, ಶಿಕಾರಿಪುರದ ಶಾಲೆಗಳು ವಾರ್ಷಿಕೋತ್ಸವದ ಬಹುಮಾನಕ್ಕೆ ಸ್ಟೀಲ್ ತಟ್ಟೆ, ಲೋಟ ಕೊಳ್ಳುವ ದುಡ್ಡಿನಲ್ಲಿ ಹತ್ತಿರದ ಅಂಗಡಿಯಿಂದ ಮಕ್ಕಳ ಕಥೆ ಪುಸ್ತಕಗಳನ್ನು ಕೊಳ್ಳಲಿ. ಮುಖ್ಯೋಪಾಧ್ಯಾಯರೂ ಎಸ್‌ಡಿಎಂಸಿಯವರೂ ಮನಸ್ಸು ಮಾಡಿದರೆ ಈ ವರ್ಷವೇ ಆಗುವ ಕೆಲಸ ಇದು.